ಎಳೆಯುವ ಹಗ್ಗಕ್ಕೆ ಎಷ್ಟು ಬಲ ಬೇಕು?

ಈ ಸಲ ಬರೆಯಲು ಹೊರಟಿರುವುದು ಒಂದೂವರೆ ಮೀಟರ್ ಹಗ್ಗದ ಬಗ್ಗೆ. ನಗಬೇಡಿ. ಆ ಒಂದೂವರೆ ಮೀಟರ್ ಹಗ್ಗ ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಅರ್ಧ ದಿನವನ್ನೂ, ನನ್ನ ಅರ್ಧ ಮರ್ಯಾದೆಯನ್ನೂ ತಿಂದಿದೆ.

ನಮ್ಮದು ಲಾಯಿಲ. ಬೆಳ್ತಂಗಡಿ ಪೇಟೆ ದಾಟಿ ಉಜಿರೆ ಕಡೆಗೆ ಹೊರಟರೆ ಸಿಗುವ ಊರು. ಅಲ್ಲಿ ಅಡಿಕೆ ತೋಟ ಇರುವವರ ಮನೆಯಲ್ಲೆಲ್ಲ ಈಗ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಎಂಜಿನು ಒಂದಾದರೂ ಇರುತ್ತದೆ. ಹುಲ್ಲು ಕತ್ತರಿಸುವ ಯಂತ್ರವೋ, ಮರ ಕೊಯ್ಯುವ ಗರಗಸವೋ, ಮದ್ದು ಬಿಡುವ ಪಂಪೋ. ಹಿಡಿ ಹಿಡಿದು ಜಗ್ಗಿದರೆ ಎಂಜಿನು ತಿರುಗುತ್ತದೆ, ಬಿಟ್ಟರೆ ಒಳಗಿನ ಸ್ಪ್ರಿಂಗು ಹಗ್ಗವನ್ನು ಮತ್ತೆ ಸುತ್ತಿಕೊಳ್ಳುತ್ತದೆ. ರಿಕಾಯ್ಲ್ ಸ್ಟಾರ್ಟರ್ ಅನ್ನುವುದು ಇದನ್ನೇ. ಹಿಂದಿನ ಸೀಮೆಎಣ್ಣೆ ಪಂಪುಗಳಲ್ಲಿ ಹಗ್ಗ ಬೇರೆಯೇ ಇರುತ್ತಿತ್ತು. ಪ್ರತಿ ಸಲ ಗಂಟನ್ನು ಪುಲ್ಲಿಯ ಕಚ್ಚಿಗೆ ಸಿಕ್ಕಿಸಿ, ಸುತ್ತಿ, ಎಳೆಯಬೇಕು. ಅಪ್ಪ ಹೇಳುವ ಪ್ರಕಾರ ಆಗ ಹಗ್ಗ ತುಂಡಾದರೆ ಅದೊಂದು ಸಮಸ್ಯೆಯೇ ಅಲ್ಲ, ಬಾವಿಕಟ್ಟೆಯ ಹಗ್ಗದಿಂದ ಒಂದು ತುಂಡು ಕೊಯ್ದರೆ ಆಯಿತು.

ಅಡಿಕೆ ಬೆಳೆಯದ ಊರಿನ ಬ್ಲಾಗಿಗ ಮಿತ್ರರಿಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಇದರಲ್ಲಿ ಇಷ್ಟು ತಲೆಬಿಸಿ ಎಂತದು ಅಂತ ಅನ್ನಿಸಬಹುದು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಎಳೆಕಾಯಿಗಳು ಕೊಳೆತು ಉದುರುತ್ತವೆ. ತಡೆಯಲು ಬೋರ್ಡೋ ದ್ರಾವಣ ಬಿಡುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಮತ್ತೆ ಕೂಡಿಸಬೇಕು, ಮತ್ತು ಕೂಡಿಸಿದ್ದನ್ನು ಅದೇ ದಿನ ಬಿಟ್ಟು ಮುಗಿಸಬೇಕು. ನಾಳೆಗೆ ಇಟ್ಟರೆ ಅದರ ಗುಣ ಹೋಯಿತು. ಮಳೆ ಶುರುವಾಗುವ ಮೊದಲು ಒಂದು ಸಲ, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಆ ಎರಡನೆಯದ್ದು ಬರುವುದು ಸರಿಯಾಗಿ ಜುಲೈಯ ಜಡಿಮಳೆಯಲ್ಲಿ. ಎರಡು ಮಳೆಯ ನಡುವೆ ನಾಲ್ಕು ಗಂಟೆ ಬಿಸಿಲು ಸಿಕ್ಕಿದರೆ ಅದೇ ಪುಣ್ಯ. ಮರ ಹತ್ತುವವರು ಸಿಗಬೇಕು, ಅವರು ಸಿಕ್ಕಿದ ದಿನವೇ ಮಳೆ ಬಿಟ್ಟಿರಬೇಕು, ಬಿಟ್ಟ ಹೊತ್ತಿಗೆ ಎಂಜಿನು ಸ್ಟಾರ್ಟ್ ಆಗಬೇಕು.

ನಾನು ಅದರ ಹಿಂದಿನ ದಿನವೇ ಬೆಂಗಳೂರಿನಿಂದ ಬಂದಿದ್ದೆ. ಪಂಪಿನ ಹಗ್ಗ ಹಿಡಿಯ ಹತ್ತಿರ ಜುಂಗು ಎದ್ದದ್ದು ಮೊದಲ ಮದ್ದಿನ ಹೊತ್ತಿಗೇ ನೋಡಿದ್ದೆ. ಹಾಗಾಗಿ ಬರುವಾಗ ಹತ್ತು ಮೀಟರ್ ಡೈನೀಮಾ ಹಗ್ಗ ತರಿಸಿಕೊಂಡಿದ್ದೆ. ತೂಕಕ್ಕೆ ತೂಕ ಹಾಕಿದರೆ ಉಕ್ಕಿಗಿಂತ ಹದಿನೈದು ಪಟ್ಟು ಬಲ ಅಂತ ಅದರ ಜಾಹೀರಾತು. ಮೂರು ಮಿಲಿಮೀಟರ್ ದಪ್ಪದ್ದು ಒಂಬೈನೂರು ಕೆ.ಜಿ. ತಡೆಯುತ್ತದೆ ಅಂತ ಪ್ಯಾಕೆಟ್ಟಿನಲ್ಲೇ ಇತ್ತು. ಹಳೆಯ ಹಗ್ಗ ನಾಲ್ಕೂವರೆ ಮಿಲಿಮೀಟರಿನದ್ದು, ಹೆಚ್ಚೆಂದರೆ ಮುನ್ನೂರು ಕೆ.ಜಿ. ತಡೆದೀತು. ಬಲ ಮೂರು ಪಟ್ಟು ಇರುವಾಗ ದಪ್ಪ ಯಾಕೆ ಬೇಕು ಅಂತ ನನ್ನ ತರ್ಕ. ಇಂಜಿನಿಯರಿಂಗ್ ಓದಿದವನಲ್ಲವೇ :-)

"ಹಳತರ ತುದಿ ಮಾತ್ರ ಅಲ್ವಾ ಹೋದದ್ದು?" ಅಂತ ಅಪ್ಪ ಒಂದು ಸಲ ಕೇಳಿದರು. ನಾನು ಕೇಳಿಸದ ಹಾಗೆ ಹೊಸತು ಹಾಕಿದೆ.

ಮರುದಿನ ಬೆಳಿಗ್ಗೆ ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಮದ್ದು ತಯಾರಾಯಿತು. ಮರ ಹತ್ತುವವರು ಇಬ್ಬರು ಬಂದರು. ಮೊದಲನೇ ಎಳೆತಕ್ಕೆ ಎಂಜಿನು ಕೆಮ್ಮಿತು. ಎರಡನೆಯದಕ್ಕೂ ಹಾಗೇ. ಏಳನೆಯದೋ ಎಂಟನೆಯದೋ ಇರಬೇಕು, ಹಿಡಿ ನನ್ನ ಕೈಯಲ್ಲೇ ಉಳಿಯಿತು, ಹಗ್ಗ ಸರ್ರನೆ ಒಳಗೆ ಹೋಯಿತು. ನಾನು ಹಿಂದಕ್ಕೆ ಬಿದ್ದು ಕೆಸರಲ್ಲಿ ಕೂತೆ.

ಹಗ್ಗ ತುಂಡಾಗಿರಲಿಲ್ಲ. ಗಂಟು ಬಿಚ್ಚಿಹೋಗಿತ್ತು.

ಇದು ಆ ಹಗ್ಗದ ಗುಣವೇ ಅಂತ ನನಗೆ ತಿಳಿದದ್ದು ಆಮೇಲೆ. ಡೈನೀಮಾ ಅಂದರೆ ಪಾಲಿಎಥಿಲೀನ್, ನಮ್ಮ ಪ್ಲಾಸ್ಟಿಕ್ ತೊಟ್ಟೆಯ ದೂರದ ಸಂಬಂಧಿ. ಅದರ ಅಣುಗಳ ಸರಪಳಿ ಮಾತ್ರ ಎಷ್ಟೋ ಪಟ್ಟು ಉದ್ದ, ಎಲ್ಲವೂ ಒಂದೇ ದಿಕ್ಕಿಗೆ ಮಲಗಿರುತ್ತವೆ. ಎಳೆತಕ್ಕೆ ಬಲ ಬರುವುದು ಅದರಿಂದ. ಆದರೆ ಮೈ ಸೋಪಿನ ಹಾಗೆ ಜಾರುತ್ತದೆ, ಸಾಧಾರಣ ಗಂಟು ಅದರಲ್ಲಿ ನಿಲ್ಲುವುದಿಲ್ಲ. ಸ್ಟಾರ್ಟರಿನ ಹಗ್ಗದಲ್ಲಿ ಇರುವುದೇ ಎರಡು ಗಂಟು, ಪುಲ್ಲಿಯ ಕಡೆ ಒಂದು, ಹಿಡಿಯ ಕಡೆ ಒಂದು. ನಾನು ನೋಡಿದ ಒಂಬೈನೂರು ಕೆ.ಜಿ.ಯ ಲೆಕ್ಕ ಗಂಟಿಲ್ಲದ ಹಗ್ಗದ್ದು!

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಈ ಕೆಲಸಕ್ಕೆ ಹಗ್ಗ ಆರಿಸುವಾಗ ನಾವು ನೋಡುವ ಮೊದಲ ಅಂಕಿ, ಅಂದರೆ ಎಷ್ಟು ಕೆ.ಜಿ. ತಡೆಯುತ್ತದೆ ಅನ್ನುವುದು, ಕೊನೆಗೆ ನೋಡಬೇಕಾದದ್ದು. ಮನುಷ್ಯ ಜಗ್ಗುವುದು ಹತ್ತಾರು ಕೆ.ಜಿ.ಯಲ್ಲಿ. ಪೇಟೆಯಲ್ಲಿ ಸಿಗುವ ತೀರಾ ಅಗ್ಗದ ಹಗ್ಗವೂ ಅದನ್ನು ತಡೆಯುತ್ತದೆ. ಸ್ಟಾರ್ಟರಿನ ಹಗ್ಗ ಬಲ ಸಾಲದೆ ಸಾಯುವುದಿಲ್ಲ, ಉಜ್ಜಿ ಸಾಯುತ್ತದೆ. ಅದು ಹೊರಬರುವ ತೂತಿನ ಅಂಚಿಗೆ ಉಜ್ಜಿ, ಸಣ್ಣ ಪುಲ್ಲಿಗೆ ಸಾವಿರ ಸಲ ಬಗ್ಗಿ, ಗಂಟಿನ ಬುಡದಲ್ಲಿ ಸವೆದು. ಹಾಗಾಗಿ ಕೇಳಬೇಕಾದ ಪ್ರಶ್ನೆಯೇ ಬೇರೆ. ಉಜ್ಜಿದರೆ ತಾಳುತ್ತದಾ? ಗಂಟು ಹಿಡಿಯುತ್ತದಾ? ದಪ್ಪ ಸರಿ ಉಂಟಾ?

ದಪ್ಪದ ವಿಷಯ ಸಣ್ಣದಲ್ಲ. ತೆಳು ಹಗ್ಗ ಪುಲ್ಲಿಯ ಸುತ್ತುಗಳ ನಡುವೆ ಹೂತು ಸಿಕ್ಕಿಹಾಕಿಕೊಳ್ಳುತ್ತದೆ, ಪ್ಲಾಸ್ಟಿಕ್ ಪುಲ್ಲಿಯಾದರೆ ಅಂಚನ್ನೇ ಕೊರೆಯುತ್ತದೆ. ದಪ್ಪ ಹೆಚ್ಚಾದರೆ ಪೂರ್ತಿ ಉದ್ದ ಒಳಗೆ ಹಿಡಿಸುವುದಿಲ್ಲ, ಹಿಡಿ ಹೊರಗೆ ನೇತಾಡುತ್ತದೆ. ಹಳೆಯದರ ದಪ್ಪವನ್ನೇ ಅಳೆದು ತಂದರೆ ಸಾಕು, ಸವೆಯದ ಜಾಗದಲ್ಲಿ ಅಳೆಯಬೇಕು ಅಷ್ಟೇ.

ಇನ್ನು ಜಾತಿ. ನಮ್ಮ ಅಂಗಡಿಗಳಲ್ಲಿ ಎಲ್ಲ ಹಗ್ಗವೂ "ನೈಲಾನ್". ಕೇಳಿದರೆ "ಎಲ್ಲ ಒಂದೇ ಮಾರಾಯ್ರೆ" ಅಂತಾರೆ. ಒಂದೇ ಅಲ್ಲ. ಬಣ್ಣಬಣ್ಣದ ಅಗ್ಗದ ಹಗ್ಗ ಹೆಚ್ಚಾಗಿ ಪಾಲಿಪ್ರೊಪಿಲೀನ್. ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಸುಮಾರು 165 ಡಿಗ್ರಿಗೆ ಕರಗುತ್ತದೆ. ನಿಜವಾದ ನೈಲಾನ್ ಕರಗಲು 220ರ ಮೇಲೆ ಬೇಕು, ಪಾಲಿಯೆಸ್ಟರಿಗೆ 255ರ ಆಸುಪಾಸು. ನನ್ನ ಡೈನೀಮಾ? 150ರ ಹತ್ತಿರ! ಅಂಚಿಗೆ ರಭಸದಲ್ಲಿ ಉಜ್ಜಿ ಬಿಸಿಯೇಳುವ ಜಾಗದಲ್ಲಿ, ಸೈಲೆನ್ಸರಿನ ಪಕ್ಕದಲ್ಲೇ ಹಗ್ಗ ಹಾದುಹೋಗುವ ಸಣ್ಣ ಯಂತ್ರಗಳಲ್ಲಿ ಇದು ಲೆಕ್ಕಕ್ಕೆ ಬರುತ್ತದೆ.

ಗುರುತಿಸುವುದು ಹೇಗೆ ಅಂದರೆ, ಒಂದು ಇಂಚು ಕೊಯ್ದು ಸ್ವಲ್ಪ ಸೋಪು ಹಾಕಿದ ನೀರಿನಲ್ಲಿ ಮುಳುಗಿಸಿ, ಗಾಳಿಗುಳ್ಳೆ ಹೋಗುವ ಹಾಗೆ ಹಿಂಡಿ ಬಿಡಿ. ಪಾಲಿಪ್ರೊಪಿಲೀನ್ ತೇಲುತ್ತದೆ, ಡೈನೀಮಾವೂ ತೇಲುತ್ತದೆ. ನೈಲಾನ್ ಮುಳುಗುತ್ತದೆ, ಪಾಲಿಯೆಸ್ಟರ್ ಇನ್ನೂ ಬೇಗ ಮುಳುಗುತ್ತದೆ. ನಾನಂತೂ ಈಗ ಮುಳುಗುವ ಹಗ್ಗವನ್ನೇ ತರುವುದು. ಅದರಲ್ಲೂ ನನ್ನ ಮತ ಹೆಣೆದ ಪಾಲಿಯೆಸ್ಟರಿಗೆ. ನೈಲಾನ್ ಕೆಟ್ಟದ್ದಲ್ಲ, ಆದರೆ ನೀರು ಕುಡಿದು ಒಂದಿಷ್ಟು ಬಲ ಕಳೆದುಕೊಳ್ಳುತ್ತದೆ, ಹಿಗ್ಗುತ್ತದೆ. ನಮ್ಮ ಮಳೆಗಾಲದಲ್ಲಿ ನೀರು ಕುಡಿಯದೆ ಇರುವುದು ಯಾವುದುಂಟು ಹೇಳಿ.

ಕೆವ್ಲಾರ್ ಹಾಕಬಹುದಲ್ಲ, ಅದು ಕರಗುವುದೇ ಇಲ್ಲವಲ್ಲ ಅಂತ ನನ್ನ ಗೆಳೆಯನೊಬ್ಬ ಕೇಳಿದ. 1965ರಲ್ಲಿ ಡುಪಾಂಟ್ ಕಂಪನಿಯಲ್ಲಿ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ನಾರು ಅದು. ಬೆಂಕಿಗೆ ಹೆದರುವುದಿಲ್ಲ, ನಿಜ. ಆದರೆ ಮತ್ತೆ ಮತ್ತೆ ಬಗ್ಗಿಸಿದರೆ ಅದರ ಎಳೆಗಳು ಒಳಗೊಳಗೇ ಒಂದನ್ನೊಂದು ಉಜ್ಜಿ ಮುರಿಯುತ್ತವೆ, ಬಿಸಿಲಿಗೂ ಆಗುವುದಿಲ್ಲ. ಬಗ್ಗುವುದೇ ಕೆಲಸವಾದ ಹಗ್ಗಕ್ಕೆ ಅದು ಯಾಕೆ?

ಹಾಗಂತ ಹೊಸ ನಾರುಗಳೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ಕೆನಡಾದವರ ವಿಷಯ ನೋಡಿ. ಅಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳಲ್ಲೂ ಇದೇ ಎಳೆಯುವ ಸ್ಟಾರ್ಟರ್ ಇರುತ್ತದೆ. ಬೊಂಬಾರ್ಡಿಯರ್ ಅವರ ಸ್ಕೀ-ಡೂ 1959ರಲ್ಲಿ ಬಂದ ಮೇಲೆ ಅದು ಅಲ್ಲಿ ಮನೆಮಾತು. ಮೈನಸ್ ಮೂವತ್ತು ಡಿಗ್ರಿಯಲ್ಲಿ, ಮನೆಯಿಂದ ಐವತ್ತು ಕಿಲೋಮೀಟರ್ ದೂರದಲ್ಲಿ ಹಗ್ಗ ಕೈಗೆ ಬಂದರೆ ಅಡಿಕೆಯಲ್ಲ, ಜೀವವೇ ಹೋಗಬಹುದು. ನೀರು ಕುಡಿದ ಹಗ್ಗ ಅಲ್ಲಿ ಕೋಲಿನ ಹಾಗೆ ಸೆಟೆದು ನಿಲ್ಲುತ್ತದೆ. ಅವರು ನೀರು ಕುಡಿಯದ ಡೈನೀಮಾಕ್ಕೆ ಪಾಲಿಯೆಸ್ಟರಿನ ಹೊದಿಕೆ ಇರುವುದನ್ನು ಹುಡುಕಿದರೆ ಅದಕ್ಕೆ ಅರ್ಥ ಉಂಟು. ಹೊದಿಕೆ ಉಜ್ಜಾಟ ತಾಳುತ್ತದೆ, ಗಂಟೂ ಹಿಡಿಯುತ್ತದೆ. ನಾನು ಅವರ ಉತ್ತರವನ್ನು ಅರ್ಧ ಎತ್ತಿಕೊಂಡು ಬಂದು ಲಾಯಿಲದ ಕೆಸರಿನಲ್ಲಿ ಹಾಕಿದೆ. (ಅಂದ ಹಾಗೆ, ಕೊಳೆರೋಗದ ಬಗ್ಗೆ 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಿಂದ ಪುಸ್ತಿಕೆ ಬರೆದು, ಬೋರ್ಡೋ ಬಿಡಿ ಅಂತ ಹೇಳಿದ ಲೆಸ್ಲಿ ಕೋಲ್ಮನ್ ಕೂಡ ಕೆನಡಾದವರೇ. ಅವರು ಇಲ್ಲಿಯ ತೋಟ ನೋಡಿ ಹೇಳಿದರು.)

ನಮ್ಮಲ್ಲೂ ನೋಡಿ, ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದಲ್ಲೇ ನಿಂತು ಮದ್ದು ಬಿಡಬಹುದು, ಕೊನೆ ಕೊಯ್ಯಬಹುದು. ಅಲ್ಲಿ ತೂಕ ಕಡಿಮೆ ಇರಬೇಕು, ಉದ್ದಕ್ಕೆ ಬಾಗಬಾರದು, ಹಾಗಾಗಿ ದುಬಾರಿ ನಾರಿಗೆ ದುಡ್ಡು ಕೊಡುವುದು ಸರಿ. ಮರದಿಂದ ಬೀಳುವುದು ತಪ್ಪುತ್ತದಲ್ಲ, ಅದಕ್ಕಿಂತ ದೊಡ್ಡ ಲಾಭ ಯಾವುದು? ಹಗ್ಗಕ್ಕೆ ಅಂಥ ಕಾರಣ ನನಗೆ ಕಾಣಲಿಲ್ಲ.

ಇನ್ನೊಂದು ಮಾತು. ಹಗ್ಗ ಆ ಯಂತ್ರದಲ್ಲಿ ಅತ್ಯಂತ ಅಗ್ಗದ ಭಾಗ. ಹತ್ತಿಪ್ಪತ್ತು ರೂಪಾಯಿಗೆ ಮುಗಿಯುತ್ತದೆ. ಅದು ಹೋಗದ ಹಾಗೆ ಮಾಡಿದರೆ ಅದರ ಮುಂದಿನದ್ದು ಹೋಗುತ್ತದೆ: ಪುಲ್ಲಿ, ಸ್ಪ್ರಿಂಗು, ಇಲ್ಲವೇ ಎಳೆಯುವವರ ಕೈ. ಎಂಜಿನು ಕೆಲವೊಮ್ಮೆ ಹಿಂದಕ್ಕೆ ಒದೆಯುತ್ತದೆ. ಸ್ವಲ್ಪವಾದರೂ ಹಿಗ್ಗುವ ಹಗ್ಗ ಆ ಏಟನ್ನು ಒಂದಿಷ್ಟು ನುಂಗುತ್ತದೆ, ಡೈನೀಮಾ ಎಲ್ಲವನ್ನೂ ಬೆರಳಿಗೇ ದಾಟಿಸುತ್ತದೆ. ತೋಟದಲ್ಲಿ ಹಗ್ಗ ಎಳೆಯುತ್ತಿರುವವರು ಈಗ ಹೆಚ್ಚಾಗಿ ಅರವತ್ತು ದಾಟಿದವರು. ಮಕ್ಕಳು ಎಲ್ಲಿದ್ದೇವೆ ಅಂತ ನಿಮಗೇ ಗೊತ್ತು. ಅಪ್ಪನ ಬಲಭುಜ ಮೊದಲೇ ಅಷ್ಟಕ್ಕಷ್ಟೆ.

ಇಷ್ಟೆಲ್ಲ ಹೇಳಿದ ಮೇಲೂ ಅಸಲು ತಪ್ಪು ಹಗ್ಗದ್ದಲ್ಲ. ಸರಿ ಇರುವ ಎಂಜಿನು ಎರಡು ಎಳೆತಕ್ಕೆ ಸ್ಟಾರ್ಟ್ ಆಗಬೇಕು. ನಮ್ಮದು ಯಾಕೆ ಆಗಲಿಲ್ಲ? ಮೊದಲ ಮದ್ದು ಮುಗಿದ ಮೇಲೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಹಾಗೇ ಇತ್ತು. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್. 2025ರಿಂದ ಎಲ್ಲ ಕಡೆಯೂ ಹೀಗೇ. ಎಥನಾಲ್ ಗಾಳಿಯ ಪಸೆಯನ್ನು ಹೀರಿಕೊಳ್ಳುತ್ತದೆ, ನಮ್ಮ ಜೂನ್ ತಿಂಗಳಿನ ಗಾಳಿಯಲ್ಲಿ ಪಸೆಗೆ ಬರವೇ? ಆರು ವಾರ ನಿಂತ ಆ ಪೆಟ್ರೋಲಿನ ಮೇಲೆ, ಕಪ್ಪಾದ ಪ್ಲಗ್ಗಿನ ಮೇಲೆ ನಾನು ಒಂಬೈನೂರು ಕೆ.ಜಿ.ಯ ಹಗ್ಗ ಪ್ರಯೋಗ ಮಾಡುತ್ತಿದ್ದೆ. ಟ್ಯಾಂಕು, ಕಾರ್ಬುರೇಟರ್ ಖಾಲಿ ಮಾಡಿ ಇಟ್ಟು, ಹಗ್ಗ ಬರುವ ತೂತಿನ ಅಂಚನ್ನು ಸಣ್ಣ ಉಜ್ಜುಕಾಗದದಲ್ಲಿ ನುಣುಪು ಮಾಡಿದ್ದರೆ ಹಳೆಯ ಹಗ್ಗವೇ ಇನ್ನೆರಡು ವರ್ಷ ಬರುತ್ತಿತ್ತು.

ಆ ದಿನ ಏನಾಯಿತು ಅಂದರೆ, ಅಪ್ಪ ಏನೂ ಹೇಳದೆ ಕೊಟ್ಟಿಗೆಗೆ ಹೋಗಿ ಹಳೆಯ ಹಗ್ಗ ತಂದರು. ಬಿಸಾಡಿರಲಿಲ್ಲ, ಮೊಳೆಗೆ ನೇತು ಹಾಕಿದ್ದರು. ಜುಂಗು ಎದ್ದ ತುದಿಯನ್ನು ಒಂದು ಅಡಿ ಕೊಯ್ದು ತೆಗೆದರು. ಸ್ಟಾರ್ಟರ್ ಬಿಚ್ಚಿ, ಹಾಕಿ, ಸ್ಪ್ರಿಂಗಿಗೆ ಎರಡು ಸುತ್ತು ಕೊಟ್ಟು ಕೂರಿಸುವ ಹೊತ್ತಿಗೆ ಹನ್ನೊಂದೂವರೆ. (ಸ್ಪ್ರಿಂಗು ಮುಖಕ್ಕೆ ಹಾರುತ್ತದೆ, ಕನ್ನಡಕ ಹಾಕದೆ ಬಿಚ್ಚಬೇಡಿ.) ಪ್ಲಗ್ಗು ಉಜ್ಜಿ, ಹೊಸ ಪೆಟ್ರೋಲು ಹಾಕಿದ ಮೇಲೆ ಮೂರನೇ ಎಳೆತಕ್ಕೆ ಎಂಜಿನು ಎದ್ದಿತು. "ಮೋಡ ಕಟ್ತಾ ಉಂಟಣ್ಣ" ಅಂದರು ಮರದ ಮೇಲಿದ್ದವರು. ಒಂದು ಗಂಟೆಗೆ ಮಳೆ ಹೊಡೆಯಿತು. ಕೆಳಗಿನ ತೋಟ ಪೂರ್ತಿ ಬಾಕಿ. ಅವರು ಮತ್ತೆ ಸಿಕ್ಕಿದ್ದು ಒಂಬತ್ತು ದಿನ ಬಿಟ್ಟು. ಅಷ್ಟರಲ್ಲಿ ಅಲ್ಲಿ ಮರಗಳ ಬುಡದಲ್ಲಿ ಹಸಿರು ಕಾಯಿ ಬೀಳಲು ಶುರುವಾಗಿತ್ತು. ಎಲ್ಲವೂ ಹಗ್ಗದಿಂದಲೇ ಅಂತ ಹೇಳಲಾರೆ, ಆ ವಾರದ ಮಳೆಯೂ ಹಾಗೆ ಇತ್ತು. ಬೆಳಿಗ್ಗೆ ಬುಟ್ಟಿ ಹಿಡಿದು ಅದನ್ನು ಹೆಕ್ಕುವಾಗ ಮಾತ್ರ ನನಗೆ ಅಪ್ಪನ ಮುಖ ನೋಡಲು ಆಗಲಿಲ್ಲ.

ಈ ವರ್ಷ ನಾಲ್ಕೂವರೆ ಮಿಲಿಮೀಟರಿನ ಪಾಲಿಯೆಸ್ಟರ್, ಎರಡೆರಡು ಮೀಟರಿನ ಎರಡು ತುಂಡು, ತುದಿ ಸುಟ್ಟು ಗಟ್ಟಿ ಮಾಡಿ ಅದೇ ಮೊಳೆಗೆ ಹಾಕಿದ್ದೇನೆ. ನೀವು ಯಾರಾದರೂ ಬೇರೆ ಹಗ್ಗ ಹಾಕಿ ಚೆನ್ನಾಗಿ ಬಂದಿದ್ದರೆ ಬರೆಯಿರಿ, ನಾನು ತಪ್ಪು ಅಂತಾದರೆ ಒಪ್ಪಿಕೊಳ್ಳುವೆ. ಉಳಿದ ಎಂಟೂವರೆ ಮೀಟರ್ ಡೈನೀಮಾವನ್ನು ಅಮ್ಮ ಬಟ್ಟೆ ಒಣಗಿಸಲು ಜಗಲಿಯಲ್ಲಿ ಕಟ್ಟಿದ್ದಾಳೆ. ಕ್ಲಿಪ್ಪು ಜಾರುತ್ತದಂತೆ.