ವಿಶ್ ಲಿಸ್ಟು, ಮುಯ್ಯಿ ಪುಸ್ತಕ ಮತ್ತು ಮುನ್ನೂರು ರೂಪಾಯಿ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕ್ಲಾಸಿನ ಗೆಳತಿಯೊಬ್ಬಳ ಹುಟ್ಟುಹಬ್ಬ ಬಂತು. ವಾರ ಮೊದಲೇ ಅವಳು ವಾಟ್ಸಾಪ್ ಗ್ರೂಪಿಗೆ ವಿಶ್ ಲಿಸ್ಟ್ ಹಾಕಿದಳು. ಇಯರ್ ಬಡ್ಸ್, ಶೂ, ಬ್ಯಾಗು, ಎಲ್ಲದಕ್ಕೂ ಲಿಂಕ್. ನಾವು ತಲೆಗೆ 300 ಅಂತ ಹಾಕಿ ಇಯರ್ ಬಡ್ಸ್ ತಗೊಂಡ್ವಿ. ದುಡ್ಡು ಕೊಟ್ಟವರ ಹೆಸರಿನ ಮುಂದೆ ಗ್ರೂಪಲ್ಲೇ ಹಸಿರು ಟಿಕ್.

ಒಂದು ಹೆಸರಿಗೆ ಮಾತ್ರ ಕೊನೆವರೆಗೂ ಟಿಕ್ ಬೀಳಲಿಲ್ಲ. ಕೇಕ್ ಕಟ್ ಮಾಡೋ ದಿನ ಅವನು ಹೊಟ್ಟೆನೋವು ಅಂತ ರೂಮಲ್ಲೇ ಉಳಿದ. ಅವನದು ಕಳಸದ ಕಡೆ; ಅಪ್ಪ, ಅಮ್ಮ ಇಬ್ಬರೂ ಕಾಫಿ ತೋಟದಲ್ಲಿ ಕೂಲಿ ಮಾಡ್ತಾರೆ. ಅದು ಆಗಸ್ಟ್ ತಿಂಗಳು. ಕೊಯ್ಲಿನ ಕಾಲದ ಹಾಗೆ ಮಳೆಗಾಲದಲ್ಲಿ ಕೈಯಲ್ಲಿ ಕಾಸು ಓಡಾಡಲ್ಲ. ಈ ಘಟ್ಟದಲ್ಲೇ ಹುಟ್ಟಿ ಬೆಳೆದ ನಮಗೆ ಇದನ್ನ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಟಿಕ್ ಎಣಿಸ್ತಾ ಕೂತಿದ್ವಿ.

ವಿಶ್ ಲಿಸ್ಟ್ ಅಂದ್ರೆ ಪರದೇಶದ ಚಾಳಿ, ಬಾಯಿಬಿಟ್ಟು ಕೇಳೋದು ನಾಚಿಕೆಗೇಡು ಅಂತಾರೆ ಮನೆಯ ಹಿರಿಯರು. ಇದನ್ನ ನಾವು ಒಪ್ಪಲ್ಲ. ಮುಯ್ಯಿ ಪುಸ್ತಕ ಮತ್ತೇನು? ಮದುವೆ ಮನೆಯಲ್ಲಿ ಒಂದು ಟೇಬಲ್, ನಂಬಿಕಸ್ಥ ನೆಂಟರೊಬ್ಬರು, ಒಂದು ನೋಟ್‌ಬುಕ್. ಹೆಸರು, ಊರು, 501, 1001. ನಾಳೆ ಅವರ ಮನೆಯಲ್ಲಿ ಕಾರ್ಯ ಆದಾಗ ಇದೇ ಪುಸ್ತಕ ತೆಗೆದು ನೋಡಿ, ಸ್ವಲ್ಪ ಮೇಲೆ ಸೇರಿಸಿ ಹಾಕಬೇಕು. ಪಟ್ಟಿ ಇಟ್ಟುಕೊಳ್ಳಿ ಅಂತ ಕಾನೂನೂ ಹೇಳ್ತದೆ: ವರದಕ್ಷಿಣೆ ನಿಷೇಧ ಕಾಯ್ದೆಯ ಕೆಳಗಿನ 1985ರ ನಿಯಮಗಳ ಪ್ರಕಾರ ವಧೂವರರಿಗೆ ಬಂದ ಉಡುಗೊರೆ, ಅದರ ಅಂದಾಜು ಬೆಲೆ, ಕೊಟ್ಟವರ ಹೆಸರು ಎಲ್ಲ ಬರೆದಿಡಬೇಕು. ಅಂದರೆ ಪಟ್ಟಿ ನಮಗೆ ಹೊಸದಲ್ಲ. ಮುಯ್ಯಿ ಪುಸ್ತಕ ಕೊಟ್ಟ ಮೇಲೆ ಬರೀತದೆ, ವಿಶ್ ಲಿಸ್ಟ್ ಕೊಡೋಕೆ ಮೊದಲೇ ಬರೀತದೆ, ಅಷ್ಟೇ.

ಮುಯ್ಯಿ ಕೆಟ್ಟದ್ದೂ ಅಲ್ಲ. ಒಂದು ಮನೆಗೆ ಹೊರಲಾಗದ ಖರ್ಚನ್ನ ಊರೆಲ್ಲ ಸೇರಿ ಹೊತ್ತು, ಬಡ್ಡಿಯಿಲ್ಲದೆ ನಿಧಾನಕ್ಕೆ ವಾಪಸ್ ಪಡೆಯೋ ಉಪಾಯ ಅದು. ಆದರೆ ‘ಮುಯ್ಯಿ ತೀರಿಸೋದು’ ಅನ್ನೋ ಮಾತಿಗೆ ಸೇಡು ತೀರಿಸಿಕೊಳ್ಳೋದು ಅನ್ನೋ ಅರ್ಥವೂ ಇದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇದು ಗೊತ್ತಾಗಿದ್ದು ತಡವಾಗಿ, ಆದರೆ ಗೊತ್ತಾದಾಗ ಬೆಚ್ಚಿದ್ವಿ. ಕೊಡುಗೆಗೂ ಸೇಡಿಗೂ ಒಂದೇ ಪದ! ಲೆಕ್ಕ ಎಲ್ಲರ ಕಣ್ಣಿಗೆ ಬಿದ್ದ ಕೂಡಲೇ ಮೊದಲನೇ ಅರ್ಥ ಎರಡನೇದರ ಕಡೆ ಜಾರ್ತದೆ. ನಮ್ಮ ಹಸಿರು ಟಿಕ್ ಮಾಡಿದ್ದೂ ಅದನ್ನೇ.

ಹಾಗಾದ್ರೆ ಈ ಭಾರ ಇಳಿಸೋರು ಯಾರು? ಕೊಡುವವರಿಂದ ಆಗಲ್ಲ. ‘ಆಶೀರ್ವಾದವೇ ಉಡುಗೊರೆ’ ಅಂತ ಪತ್ರಿಕೆಯಲ್ಲಿ ಅಚ್ಚಾಗಿದ್ದರೂ ನಮ್ಮಮ್ಮಂದಿರು ಕವರ್ ಹಿಡಿದೇ ಹೋಗ್ತಾರೆ. ಕರೆಯುವವರೇ ಇಳಿಸಬೇಕು. ಕುವೆಂಪು ಅವರು ಆಡಂಬರ, ವರದಕ್ಷಿಣೆ ಎರಡನ್ನೂ ಬಿಟ್ಟ ಮಂತ್ರಮಾಂಗಲ್ಯವನ್ನ ಬರೀ ಉಪದೇಶ ಮಾಡಿ ಬಿಡಲಿಲ್ಲ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿಸಿದರು. ಮುಂದೆ ಮೂಡಿಗೆರೆಯವರೇ ಆಗಿಹೋದ ತೇಜಸ್ವಿ ನಮಗೆ ಪಕ್ಕದ ಮನೆಯವರಿದ್ದ ಹಾಗೆ. ಅಷ್ಟು ಹತ್ತಿರದ ಪಾಠವನ್ನೂ ನಾವು ಕಲಿತಿಲ್ಲ.

ವಿಶ್ ಲಿಸ್ಟ್ ಬೇಡ ಅಂತ ನಾವು ಹೇಳ್ತಿಲ್ಲ. ಅದಿಲ್ಲದಿದ್ರೆ ಗೆಳತಿಗೆ ನಾಲ್ಕು ಫೋಟೋ ಫ್ರೇಮ್ ಬರ್ತಿತ್ತು. ಆದರೆ ಕೇಳಿದವರಿಗೆ ಮಾತ್ರ ಲಿಸ್ಟ್ ಕೊಡೋಣ. ಅದರಲ್ಲಿ ಕಾಸು ಬೇಡದ್ದೂ ಒಂದಿರಲಿ: ಲ್ಯಾಬ್ ರೆಕಾರ್ಡಿಗೆ ಒಂದು ಚಿತ್ರ ಬರೆದುಕೊಡೋದು, ಕೈಮರದವರೆಗೆ ಜೊತೆಗೆ ನಡೆದು ಬರೋದು. ದುಡ್ಡು ಒಬ್ಬರ ಹತ್ತಿರ ಸೇರಲಿ, ಯಾರು ಎಷ್ಟು ಅನ್ನೋದು ಅವರಲ್ಲೇ ಉಳೀಲಿ. ಕೊಡದವರೂ ಕೇಕ್ ತಿನ್ನಲಿ.

ರಜೆ ಮುಗಿಸಿ ಬರುವಾಗ ಅವನು ಅಮ್ಮ ಕೊಟ್ಟ ಕಳಲೆ ಉಪ್ಪಿನಕಾಯಿ ತಂದಿದ್ದ. ಹಾಸ್ಟೆಲಿನ ಅನ್ನಕ್ಕೆ ಕಲಸಿಕೊಂಡು ಎಲ್ಲರೂ ತಿಂದ್ವಿ, ಇಯರ್ ಬಡ್ಸ್ ಗೆಳತಿಯೂ ಒಂದು ಡಬ್ಬಿ ತಗೊಂಡು ಹೋದಳು. ಅವನ ಡಬ್ಬಿ ಈಗ ತೊಳೆದು ಕಿಟಕಿ ಹತ್ತಿರ ಇಟ್ಟಿದೀವಿ. ಪಾತ್ರೆ ಖಾಲಿ ವಾಪಸ್ ಕಳಿಸಬಾರದು ಅಂತ ನಮ್ಮ ಕಡೆ ರೂಢಿ. ಏನು ತುಂಬಿಸೋದು ಅಂತ ಮೂರು ದಿನದಿಂದ ಯೋಚನೆ. ಆ ಅಮ್ಮ ಲಿಸ್ಟ್ ಹಾಕಿಲ್ಲ.