ಗಡಿ ದಾಟುವ ದಿಬ್ಬಣ, ಜಾತಿ ದಾಟದ ಮನಸ್ಸು

ಆಂಧ್ರಪ್ರದೇಶದ ಹಿಂದೂಪುರ ಮತ್ತು ಕಲ್ಯಾಣದುರ್ಗ ನಮ್ಮ ಕಾಸರಗೋಡಿನಂತೆಯೇ ಗಡಿನಾಡಿನ ಊರುಗಳು. ಅಲ್ಲಿ ತೆಲುಗು ರಾಜ್ಯಭಾಷೆ. ಕನ್ನಡ ಅನೇಕರ ಮನೆಮಾತು. ಕಲ್ಯಾಣದುರ್ಗದ ಹುಡುಗಿಯನ್ನು ಪಾವಗಡಕ್ಕೆ ಕೊಡುವುದು, ಹಿಂದೂಪುರದ ಹುಡುಗನಿಗೆ ಗೌರಿಬಿದನೂರಿನಿಂದ ಹೆಣ್ಣು ತರುವುದು ಆ ಸೀಮೆಗೆ ಹೊಸತಲ್ಲ. ಒಂದು ಕಡೆಯವರು ತೆಲುಗರು, ಇನ್ನೊಂದು ಕಡೆಯವರು ಕನ್ನಡಿಗರು ಎಂಬ ಕಾರಣಕ್ಕೆ ಮದುವೆ ನಿಲ್ಲುವುದಿಲ್ಲ. ಆದರೆ ಒಂದೇ ಬೀದಿಯ, ಒಂದೇ ಭಾಷೆಯ, ಒಂದೇ ಶಾಲೆಯಲ್ಲಿ ಕಲಿತ ಇಬ್ಬರ ಜಾತಿ ಬೇರೆಯಾದರೆ ಹಿರಿಯರ ಮುಖ ಬಿಗಿಯುತ್ತದೆ. ಮಂಗಳೂರು, ಪುತ್ತೂರುಗಳೊಡನೆ ನೆಂಟಸ್ತಿಕೆ ಬೆಳೆಸುವ ನಮಗೂ ಈ ಚಿತ್ರ ಅಪರಿಚಿತವಲ್ಲ.

ಪಟ್ಟಣದ ಬಾಳು ಜಾತಿಯನ್ನು ಕರಗಿಸುವುದೆಂದು ನಾವು ನಂಬಿದ್ದೆವು. ಹಿಂದೂಪುರಕ್ಕೆ ಬೆಂಗಳೂರು ಸುಮಾರು ನೂರು ಕಿಲೋಮೀಟರು. 2019ರಿಂದ ಪೆನುಕೊಂಡದ ಬಳಿ ಕಾರು ಕಾರಖಾನೆಯೂ ನಡೆಯುತ್ತಿದೆ. ನಾನಾ ಜಾತಿಯ ತರುಣ ತರುಣಿಯರು ಒಂದೇ ಬಸ್ಸಿನಲ್ಲಿ ಹೋಗಿ, ಜೊತೆಯಲ್ಲಿ ದುಡಿದು, ಜೊತೆಯಲ್ಲಿ ಉಣ್ಣುತ್ತಾರೆ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಮಿಶ್ರಭೋಜನ ನಡೆಸಿದ ಸಹೋದರನ್ ಅಯ್ಯಪ್ಪನ್ ಅದಕ್ಕಾಗಿ ಸ್ವಜಾತಿಯವರ ಬಹಿಷ್ಕಾರವನ್ನೇ ಎದುರಿಸಬೇಕಾಯಿತು. ಇಂದು ಹೋಟೆಲಿನಲ್ಲಿ ಪಕ್ಕದವನ ಜಾತಿಯನ್ನು ಯಾರೂ ಕೇಳುವುದಿಲ್ಲ. ಆದರೆ ಊಟದ ಎಲೆಯಿಂದ ಹಸೆಮಣೆಗೆ ಬರುವಾಗ ಲೆಕ್ಕ ಬದಲಾಗುತ್ತದೆ.

2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ಜಾತಿ ಮೀರಿದ ಮದುವೆಗಳು ನೂರಕ್ಕೆ ಐದಾರು ಮಾತ್ರ. ಆ ಅಂಕಿಗಳನ್ನು ಪರಿಶೀಲಿಸಿದ ದಿಲ್ಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯ ವಿದ್ವಾಂಸರು, ನಾಲ್ಕು ದಶಕಗಳಲ್ಲಿ ಈ ಪ್ರಮಾಣ ಗಮನಾರ್ಹವಾಗಿ ಏರಿಲ್ಲವೆಂದು ಕಂಡರು. ಇನ್ನೂ ವಿಚಾರಾರ್ಹವಾದ ಸಂಗತಿಯೆಂದರೆ, ವಧೂವರರ ಸ್ವಂತ ಓದಿಗಿಂತ ವರನ ತಾಯಿಯ ಓದೇ ಇಲ್ಲಿ ಪರಿಣಾಮಕಾರಿ. ಆಕೆ ಕಲಿತಷ್ಟೂ ಇಂಥ ಮದುವೆಯ ಸಂಭವ ಹೆಚ್ಚು. ಮದುವೆಯನ್ನು ಇಂದಿಗೂ ನಿರ್ಧರಿಸುವವರು ಹಿರಿಯರೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆ ಹಿರಿತನ ಕ್ರೌರ್ಯಕ್ಕೆ ತಿರುಗಿದ್ದೂ ಉಂಟು. 2018ರ ಸೆಪ್ಟೆಂಬರಿನಲ್ಲಿ ತೆಲಂಗಾಣದ ಮಿರ್ಯಾಲಗೂಡದಲ್ಲಿ, ಗರ್ಭಿಣಿ ಪತ್ನಿಯೊಡನೆ ಆಸ್ಪತ್ರೆಯಿಂದ ಹೊರಬರುತ್ತಿದ್ದ ದಲಿತ ಯುವಕನನ್ನು ಕಡಿದು ಕೊಂದರು. ಮೊದಲ ಆರೋಪಿಯೆಂದು ಹೆಸರಿಸಲ್ಪಟ್ಟ ಹುಡುಗಿಯ ತಂದೆ, ಆ ಪಟ್ಟಣದ ಸ್ಥಿತಿವಂತ, ತೀರ್ಪಿಗೆ ಮೊದಲೇ ತೀರಿಕೊಂಡ. 2025ರ ಮಾರ್ಚಿನಲ್ಲಿ ನಲ್ಗೊಂಡದ ನ್ಯಾಯಾಲಯ ಒಬ್ಬನಿಗೆ ಮರಣದಂಡನೆಯನ್ನೂ ಆರು ಮಂದಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. ಬೆಳಗಾವಿ ಜಿಲ್ಲೆಯ ಸುಶಿಕ್ಷಿತ ದಂಪತಿಯ ಪ್ರಕರಣದಲ್ಲಿ, 2021ರ ಫೆಬ್ರವರಿಯಲ್ಲಿ, ಪ್ರಾಪ್ತವಯಸ್ಕರ ಮದುವೆಗೆ ಮನೆತನದ ಅಥವಾ ಜಾತಿಯ ಒಪ್ಪಿಗೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಕಾನೂನು ಜೋಡಿಯ ಪರವಾಗಿದೆ. ಮನೆಯ ಬಾಗಿಲು ಮಾತ್ರ ಮುಚ್ಚಿದೆ.

ಆಂಧ್ರ ಸರಕಾರ 2022ರ ಅಕ್ಟೋಬರಿನಲ್ಲಿ ಜಾರಿಗೆ ತಂದ ಕಲ್ಯಾಣಮಸ್ತು ಯೋಜನೆಯಲ್ಲಿ ಹಿಂದುಳಿದ ವರ್ಗದವರಿಗೆ 50,000 ರೂಪಾಯಿ, ಮದುವೆ ಅಂತರ್ಜಾತೀಯವಾದರೆ 75,000. ಪರಿಶಿಷ್ಟರಿಗೆ ಒಂದು ಲಕ್ಷ, ಅಂತರ್ಜಾತೀಯವಾದರೆ 1,20,000 ಎಂದು ಗೊತ್ತುಪಡಿಸಲಾಗಿತ್ತು. ವಧೂವರರಿಬ್ಬರೂ ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕೆಂಬ ನಿಬಂಧನೆಯೂ ಇತ್ತು. ಹಣ ಸಂಸಾರ ಹೂಡಲು ನೆರವಾದೀತು, ಮನಸ್ಸನ್ನು ತೆರೆಯಲಾರದು. ನಮ್ಮ ಮಟ್ಟಿಗೆ ಆ ನಿಬಂಧನೆಯೇ ಹಣಕ್ಕಿಂತ ದೊಡ್ಡದು.

ಹಿರಿಯರ ಆತಂಕವೆಲ್ಲವೂ ದ್ವೇಷವಲ್ಲ. ಮನೆಯ ಆಚಾರ ಏನಾದೀತು, ನೆಂಟರು ಬಂದಾರೆಯೇ, ತಂಗಿಯ ಮದುವೆಗೆ ಅಡ್ಡಿಯಾದೀತೇ ಎಂಬ ಅಳುಕು ಸಹಜ. ಆದರೆ ತೆಲುಗಿನ ಸೊಸೆಗೆ ಕನ್ನಡದ ಮನೆ ಒಗ್ಗುವುದಾದರೆ, ಬೇರೆ ಜಾತಿಯ ಸೊಸೆಗೆ ಅದೇ ಮನೆ ಒಗ್ಗದೇಕೆ?

ಶಾಲೆಯಲ್ಲಿ ಹುಡುಗಿಯೊಬ್ಬಳು ಓದು ಬಿಟ್ಟಾಗ ನಾವು ಅವಳ ಉದ್ಯೋಗದ ನಷ್ಟವನ್ನಷ್ಟೇ ಎಣಿಸುತ್ತೇವೆ. ಇನ್ನು ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಹೊಸ್ತಿಲಲ್ಲಿ ನಿಂತು, ಸೊಸೆಗೆ ಆರತಿ ಎತ್ತಬೇಕೋ ಬಾಗಿಲು ಹಾಕಬೇಕೋ ಎಂದು ನಿರ್ಧರಿಸುವವಳು ಅವಳೇ. ಹಿಂದೂಪುರದಲ್ಲಾಗಲಿ ಕಾಸರಗೋಡಿನಲ್ಲಾಗಲಿ, ಆಕೆಯನ್ನು ಓದಿಸುವುದು ಇಂದೇ ಆಗಬೇಕಾದ ಕೆಲಸ.