ಈ ದಣಿವನ್ನು ಸೋಮಾರಿತನ ಎನ್ನಬೇಡಿ

ನಮ್ಮಲ್ಲಿ ಒಬ್ಬ ಮನುಷ್ಯನನ್ನು ಹೀಗಳೆಯಲು ಇರುವ ಸುಲಭದ ಮಾತು ‘ಸೋಮಾರಿ’. ಕಾಯಕವನ್ನೇ ಬದುಕಿನ ಬೇರೆಂದು ನಂಬಿದ ಸಮಾಜದಲ್ಲಿ ಆ ಮಾತು ಇನ್ನೂ ಆಳಕ್ಕೆ ಇರಿಯುತ್ತದೆ. ಓದಿದ್ದಾನೆ, ಕೈಕಾಲು ಗಟ್ಟಿಯಿವೆ, ಜ್ವರವಿಲ್ಲ, ಆದರೂ ಸಂಜೆ ಮನೆಗೆ ಬಂದವನೇ ಬಾಗಿಲು ಹಾಕಿಕೊಂಡು ಮಲಗುತ್ತಾನೆ. ನೆಂಟರು ಬಂದರೆ ಹೊರಗೆ ಬರುವುದಿಲ್ಲ. ಒಂದು ಕೆಲಸದಲ್ಲಿ ಎರಡು ವರ್ಷ ನಿಲ್ಲುವುದಿಲ್ಲ. ಇಂಥವರಲ್ಲಿ ಕೆಲವರು ಆಟಿಸಂ, ಅಂದರೆ ಸ್ವಲೀನತೆ ಇರುವ ವಯಸ್ಕರು. ಅವರ ದಣಿವಿಗೆ ಬೇರೆಯೇ ಕಾರಣವಿದೆ. ಅದನ್ನು ನಾವು ಅರಿಯಬೇಕು.

ಆಟಿಸಂ ಎಂದ ಕೂಡಲೇ ಮಾತು ಬಾರದ ಮಗುವಿನ ಚಿತ್ರವೇ ಕಣ್ಣ ಮುಂದೆ ಬರುತ್ತದೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಇದನ್ನು ವಿವರಿಸಿದ್ದೂ 11 ಮಕ್ಕಳನ್ನು ಕಂಡೇ. ಆದರೆ ಮಗು ಬೆಳೆಯುತ್ತದೆ, ಆಟಿಸಂ ಅದರ ಜೊತೆಗೇ ಇರುತ್ತದೆ. ಇದು ಬಂದು ಹೋಗುವ ಕಾಯಿಲೆಯಲ್ಲ. ಮಿದುಳು ಬೆಳೆದ ರೀತಿಯೇ ಬೇರೆ. ಕೆಲವರಿಗೆ ಜೀವನವಿಡೀ ಆಸರೆ ಬೇಕು. ಇನ್ನು ಕೆಲವರು ಓದಿ, ಕೆಲಸ ಹಿಡಿದು, ಮದುವೆಯಾಗಿ ನಮ್ಮ ನಡುವೆಯೇ ಇದ್ದಾರೆ. ನಮ್ಮ ದೇಶದ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ 2016ರ ಕಾಯ್ದೆಯಲ್ಲಿ ಅದು ಸೇರಿತು. ಹಾಗಾಗಿ ಇಂದು ಮೂವತ್ತು ನಲವತ್ತು ದಾಟಿದ ಎಷ್ಟೋ ಮಂದಿ, ಹಾಸನದಲ್ಲಾಗಲಿ ಅರಕಲಗೂಡಿನಲ್ಲಾಗಲಿ, ತಮ್ಮ ಸ್ಥಿತಿಗೆ ಹೆಸರೇ ಇಲ್ಲದೆ ಬೆಳೆದರು. ಅವರಿಗೆ ಸಿಕ್ಕ ಹೆಸರುಗಳು ‘ಗರ್ವಿ’, ‘ಮಂಕು’, ‘ಒಂಟಿಬಡುಕ’. ಹೆಣ್ಣುಮಕ್ಕಳಿಗಂತೂ ಅದೂ ಇಲ್ಲ. ‘ಮೌನಿ, ಒಳ್ಳೆಯ ಹುಡುಗಿ’ ಎಂಬ ಹೊಗಳಿಕೆಯಲ್ಲೇ ಅವರ ಕಷ್ಟ ಮುಚ್ಚಿಹೋಯಿತು.

ಈ ದಣಿವು ಎಲ್ಲಿಂದ ಬರುತ್ತದೆ? ಚನ್ನರಾಯಪಟ್ಟಣದಿಂದ ಹಾಸನಕ್ಕೆ ದಿನವೂ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಒಬ್ಬರನ್ನು ಊಹಿಸಿಕೊಳ್ಳಿ. ಹಾರ್ನು, ಕಂಡಕ್ಟರನ ಸೀಟಿ, ಪಕ್ಕದವರ ಮೊಬೈಲಿನ ಹಾಡು, ಡೀಸೆಲ್ ವಾಸನೆ. ಇವುಗಳಲ್ಲಿ ಬೇಡದ್ದನ್ನು ಬಹುತೇಕ ಜನರ ಮಿದುಳು ತಾನಾಗಿ ಹಿಂದಕ್ಕೆ ಸರಿಸುತ್ತದೆ. ಆಟಿಸಂ ಇರುವ ಅನೇಕರಿಗೆ ಎಲ್ಲವೂ ಒಂದೇ ಜೋರಿನಲ್ಲಿ ಒಳನುಗ್ಗುತ್ತವೆ. ಕಚೇರಿಯಲ್ಲಿ ಎರಡನೆಯ ದುಡಿಮೆ ಶುರುವಾಗುತ್ತದೆ: ಕಣ್ಣಿಟ್ಟು ಮಾತಾಡಬೇಕು, ಸರಿಯಾದ ಹೊತ್ತಿಗೆ ನಗಬೇಕು, ತಮಾಷೆ ಯಾವುದು ಬೈಗುಳ ಯಾವುದು ಎಂದು ಲೆಕ್ಕ ಹಾಕಬೇಕು, ತಾನು ಬೇರೆ ಎಂಬುದು ಯಾರಿಗೂ ಕಾಣದಂತೆ ನೋಡಿಕೊಳ್ಳಬೇಕು. ಸಂಬಳ ಸಿಗುವುದು ಒಂದು ಕೆಲಸಕ್ಕೆ, ಮಾಡುವುದು ಎರಡು.

ಇದು ವರ್ಷಗಟ್ಟಲೆ ನಡೆದರೆ ಮನುಷ್ಯ ಕುಸಿಯುತ್ತಾನೆ. ಅಮೆರಿಕದ ಡೋರಾ ರೇಮೇಕರ್ ಮತ್ತು ಸಂಗಡಿಗರು ಆಟಿಸಂ ಇರುವ ವಯಸ್ಕರನ್ನೇ ಕೇಳಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಮೂರು ಲಕ್ಷಣಗಳನ್ನು ಹೇಳುತ್ತದೆ: ತಿಂಗಳುಗಟ್ಟಲೆ ಬಿಡದ ದಣಿವು, ಮೊದಲು ಬರುತ್ತಿದ್ದ ಕೆಲಸಗಳು ಕೈತಪ್ಪುವುದು, ಸದ್ದು ಬೆಳಕುಗಳನ್ನು ತಾಳುವ ಶಕ್ತಿ ಇನ್ನಷ್ಟು ಕುಗ್ಗುವುದು. ಒಂದು ಭಾನುವಾರದ ನಿದ್ದೆಗೆ ಇದು ಹೋಗುವುದಿಲ್ಲ.

‘ದಣಿವು ಯಾರಿಗಿಲ್ಲ?’ ಎಂದು ಕೇಳುವವರಿದ್ದಾರೆ. ‘ತೋಟದಲ್ಲಿ ಬೆಳಗಿನಿಂದ ಸಂಜೆವರೆಗೆ ಗೇಯುತ್ತಾನೆ, ಮದುವೆ ಮನೆಯಲ್ಲಿ ಎರಡು ಗಂಟೆ ನಿಲ್ಲಲಾರನೇ?’ ಎಂಬ ಕುಹಕವೂ ಇದೆ. ಉತ್ತರ ಆ ಪ್ರಶ್ನೆಯಲ್ಲೇ ಇದೆ. ತೆಂಗಿನ ತೋಟದಲ್ಲಿ ಮೈ ದಣಿದರೂ ಮನಸ್ಸಿಗೆ ನೆಮ್ಮದಿ. ಛತ್ರದಲ್ಲಿ ವಾಲಗ, ಮೈಕು, ಕಣ್ಣು ಕುಕ್ಕುವ ದೀಪ, ‘ನಿನಗೆ ಮದುವೆ ಯಾವಾಗ?’ ಎಂಬ ಹತ್ತು ಜನರ ಪ್ರಶ್ನೆ. ದಣಿಯುವುದು ಕೆಲಸದಿಂದಲ್ಲ, ಹೊರೆಯಿಂದ.

ಹಾಗಾದರೆ ಮದ್ದು ‘ಇನ್ನಷ್ಟು ಹುರುಪು’ ಅಲ್ಲ, ಹೊರೆ ಇಳಿಸುವುದು. ಮನೆಯವರು ಮಾಡಬಹುದಾದ್ದು ಬಹಳವಿದೆ. ಕೆಲಸದಿಂದ ಬಂದವರನ್ನು ಒಂದು ಗಂಟೆ ಮಾತಾಡಿಸದಿರಿ. ಊರಿಗೆ ಹೋಗುವುದು, ನೆಂಟರು ಬರುವುದು ಮೊದಲೇ ತಿಳಿಸಿ. ಒಂದೇ ವಾರದಲ್ಲಿ ಗೃಹಪ್ರವೇಶ, ನಾಮಕರಣ ಎರಡಕ್ಕೂ ಎಳೆಯಬೇಡಿ. ಧಾರೆ ಮುಗಿಸಿ ಊಟ ಮಾಡಿ ಹೊರಟರೆ ಮುನಿಸಿಕೊಳ್ಳಬೇಡಿ. ಹಳೆಯ ನಾಣ್ಯವೋ ರೈಲಿನ ವೇಳಾಪಟ್ಟಿಯೋ, ಅವರು ಮುಳುಗಿರುವ ಆಸಕ್ತಿಯನ್ನು ಹುಚ್ಚೆನ್ನಬೇಡಿ, ಅದೇ ಅವರ ವಿಶ್ರಾಂತಿ. ಕಿವಿಗೆ ಹತ್ತಿ ಇಟ್ಟುಕೊಂಡರೆ ನಗಬೇಡಿ. ದಣಿವಿಗೆ ರಕ್ತಹೀನತೆ, ಥೈರಾಯ್ಡ್ ಕಾರಣವೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿ. ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹೊಳೆನರಸೀಪುರದಲ್ಲಿ ರೈಲು ಹತ್ತಿದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ದೂರವಲ್ಲ. ಬದುಕೇ ಬೇಡವೆನಿಸುವಷ್ಟು ಸೋತವರು ತಡಮಾಡದೆ 14416ಕ್ಕೆ ಕರೆ ಮಾಡಲಿ. ಅದು ಸರ್ಕಾರದ ಉಚಿತ ಟೆಲಿ ಮನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಕೆಲಸ ಕೊಡುವವರಿಗೂ ಹೊಣೆಯಿದೆ. ಅಂಗವೈಕಲ್ಯ ಇರುವ ನೌಕರರಿಗೆ ತಕ್ಕ ಅನುಕೂಲ ಮಾಡಿಕೊಡುವುದು 2016ರ ಕಾಯ್ದೆಯ ಪ್ರಕಾರ ಸರ್ಕಾರಿ ಕಚೇರಿಗಳ ಕರ್ತವ್ಯ; ಅದು ದಯೆಯಲ್ಲ. ಗದ್ದಲದಿಂದ ದೂರದ ಮೇಜು, ಬಾಯಿಮಾತಿನ ಬದಲು ಬರೆದುಕೊಟ್ಟ ಸೂಚನೆ, ಬೇಗ ಬಂದು ಬೇಗ ಹೋಗುವ ಅವಕಾಶ: ಇದಕ್ಕೆಲ್ಲ ಖರ್ಚೇನೂ ಇಲ್ಲ.

ಇನ್ನು ನಮ್ಮ ಕಾಯಕದ ಮಾತು. ದಣಿದವನನ್ನು ಚುಚ್ಚಲು ಶರಣರ ಹೆಸರನ್ನು ಬಳಸುವುದು ಶರಣರಿಗೇ ಮಾಡುವ ಅಪಚಾರ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಸುರಿದು ಬರುವಂತೆ ಕಳಿಸಿದವರು ಲಕ್ಕಮ್ಮ. ಕಾಯಕಕ್ಕೆ ‘ಇಷ್ಟು ಸಾಕು’ ಎಂಬ ಅಳತೆಯಿದೆ ಎಂಬುದನ್ನು ಆ ತಾಯಿ ಹನ್ನೆರಡನೆಯ ಶತಮಾನದಲ್ಲೇ ತೋರಿಸಿದರು. ಆ ಅಳತೆ ಎಲ್ಲರಿಗೂ ಒಂದೇ ಇರಬೇಕಿಲ್ಲ. ಒಬ್ಬರು ನಾಲ್ಕು ಗಂಟೆ ಮಾಡಿದ ಸತ್ಯಶುದ್ಧ ಕೆಲಸ ಇನ್ನೊಬ್ಬರ ಎಂಟು ಗಂಟೆಗಿಂತ ಕಡಿಮೆಯಲ್ಲ.

ಮಠಗಳು ಇಲ್ಲಿ ದಾರಿ ತೋರಬಹುದು. ಪ್ರತಿ ಕಾರ್ಯಕ್ರಮದಲ್ಲೂ ಸದ್ದಿಲ್ಲದ ಒಂದು ಕೋಣೆ ತೆರೆದಿಡಲಿ. ಧ್ವನಿವರ್ಧಕದ ಸದ್ದು ತಗ್ಗಲಿ. ನಡುವೆ ಎದ್ದು ಹೋದವರನ್ನು ಯಾರೂ ತಡೆಯದಿರಲಿ. ವಿದ್ಯಾರ್ಥಿನಿಲಯದಲ್ಲಿ ಮೂಲೆ ಹಿಡಿದು ಕೂರುವ ಹುಡುಗನಿಗೆ ಬೈಯುವ ಮೊದಲು ವಾರ್ಡನ್ ಒಮ್ಮೆ ಯೋಚಿಸಲಿ. ಆ ಹುಡುಗ ನಲವತ್ತರಲ್ಲಿ ಕುಸಿಯುತ್ತಾನೋ ತನ್ನ ಅಳತೆಯ ಕಾಯಕದಲ್ಲಿ ನೆಮ್ಮದಿಯಾಗಿ ಇರುತ್ತಾನೋ ಎಂಬುದು ಇಂದು ನಾವು ಅವನೊಡನೆ ಆಡುವ ಮಾತನ್ನೂ ಅವಲಂಬಿಸಿದೆ.